ಉಡುಪಿಯಲ್ಲಿ ರೂಮ್ ಮಾಡುವವರೇ, ಬಾತ್‌ರೂಮ್ ಹೇಗಿದೆ ಅಂತ ಯಾಕೆ ಯಾರೂ ಬರೆಯಲ್ಲ?

ಘಟ್ಟದ ಮೇಲಿನವಳು (ಸೋಮವಾರ, ರಾತ್ರಿ 9.10)

ಹೋದ ತಿಂಗಳು ಅಪ್ಪ ಅಮ್ಮನ ಜೊತೆ ಶಿವಮೊಗ್ಗದಿಂದ ಉಡುಪಿಗೆ ಹೋಗಿ ಮೂರು ರಾತ್ರಿ ಇದ್ದು ಬಂದೆವು. ಜೋರು ಮಳೆ. ಆಗುಂಬೆ ಘಾಟಿಯ 14 ತಿರುವು ಇಳಿಯುವಷ್ಟರಲ್ಲಿ ಅಪ್ಪನಿಗೆ ತಲೆ ಸುತ್ತು. ಅಮ್ಮನಿಗೆ ಎರಡೂ ಮಂಡಿ ಆಪರೇಷನ್ ಆಗಿದೆ. ನಡೆಯುತ್ತಾರೆ. ಆದರೆ ಕುಕ್ಕರಗಾಲಲ್ಲಿ ಕೂರುವಂತಿಲ್ಲ, ಎತ್ತರದ ಮೆಟ್ಟಿಲು ಆಗಲ್ಲ.

ಲಾಡ್ಜ್ ಹೆಸರು ಹೇಳುವುದಿಲ್ಲ. ಹುಡುಗರು ಒಳ್ಳೆಯವರು, ಪಾಪ. ದಿನಕ್ಕೆ 1,800 ರೂಪಾಯಿ. ಆ್ಯಪ್‌ನಲ್ಲಿ ಹಾಕಿದ್ದ ಪಟ್ಟಿ ನೋಡಿಯೇ ಬುಕ್ ಮಾಡಿದ್ದೆ: ಎಸಿ, ವೈಫೈ, 24 ಗಂಟೆ ಬಿಸಿನೀರು, ಲಿಫ್ಟ್, ಪಾರ್ಕಿಂಗ್, ಟಿವಿ. ಅದರಲ್ಲಿ ಒಂದೂ ಸುಳ್ಳಲ್ಲ. ಎಲ್ಲವೂ ಇತ್ತು. ಆದರೂ ಮೂರು ದಿನ ನಾನು ನೆಮ್ಮದಿಯಾಗಿ ನಿದ್ದೆ ಮಾಡಲಿಲ್ಲ.

ಲಿಫ್ಟ್ ಇತ್ತು. ಅದನ್ನು ಹತ್ತಬೇಕಾದರೆ ರಸ್ತೆಯಿಂದ ಐದು ಮೆಟ್ಟಿಲು ಹತ್ತಬೇಕು. ಪಕ್ಕದಲ್ಲಿ ಕಂಬಿ ಇಲ್ಲ.

ಬಾತ್‌ರೂಮ್ ಕಥೆ ಕೇಳಿ. ಬಾಗಿಲಲ್ಲಿ ಅರ್ಧ ಅಡಿಗಿಂತ ಎತ್ತರದ ಹೊಸ್ತಿಲು. ನೀರು ರೂಮಿಗೆ ಬರಬಾರದು ಅಂತ ಕಟ್ಟಿದ್ದಾರೆ, ಸರಿ. ಆದರೆ ನೆಲಕ್ಕೆ ವಾಟ ಕೊಟ್ಟಿಲ್ಲ. ನೀರು ಮೋರಿ ಕಡೆ ಹೋಗದೆ ಹೊಸ್ತಿಲ ಹತ್ತಿರವೇ ನಿಲ್ಲುತ್ತದೆ. ಅಂದರೆ ಅಮ್ಮ ಕಾಲು ಎತ್ತಿ ಆ ಕಡೆ ಇಡುವ ಜಾಗದಲ್ಲೇ ನೀರು. ನೆಲಕ್ಕೆ ನುಣುಪು ಟೈಲ್ಸ್, ಗೋಡೆಗೆ ಹಾಕುವಂಥದ್ದು. ಹಿಡಿದುಕೊಳ್ಳಲು ಇರುವುದು ಟವೆಲ್ ಹಾಕುವ ಸರಳು ಒಂದೇ. ಅದನ್ನು ನಾನು ಮೊದಲು ಎಳೆದು ನೋಡಿದೆ, ಒಂದು ಸ್ಕ್ರೂ ಕೈಗೇ ಬಂತು. ಕಮೋಡ್ ಗೋಡೆಗೆ ಎಷ್ಟು ಅಂಟಿಕೊಂಡಿತ್ತೆಂದರೆ ಓರೆಯಾಗಿ ಕೂರಬೇಕು. ಸ್ನಾನಕ್ಕೆ ಸ್ಟೂಲ್ ಕೇಳಿದೆ. ಕೆಳಗಿನಿಂದ ಹೋಟೆಲಿನ ಪ್ಲಾಸ್ಟಿಕ್ ಕುರ್ಚಿ ತಂದುಕೊಟ್ಟರು. ಅದೇ ನಮ್ಮನ್ನು ಉಳಿಸಿದ್ದು.

ಮತ್ತೆ ಮಂಚ. ಈಗಿನ ಫ್ಯಾಷನ್ ಪ್ರಕಾರ ನೆಲಕ್ಕೆ ಹತ್ತಿರ. ಅಮ್ಮ ಕೂತರೆ ಏಳಲು ಆಗಲ್ಲ. ರಾತ್ರಿ ಎರಡು ಸಲ ನನ್ನನ್ನು ಎಬ್ಬಿಸಬೇಕು, ಎಬ್ಬಿಸಲು ಮನಸ್ಸಿಲ್ಲ. ಸುಮ್ನೆ ಸಹಿಸಿಕೊಂಡು ಮಲಗಿದ್ದರು ಅಂತ ಆಮೇಲೆ ಗೊತ್ತಾಯಿತು.

ಮನೆಗೆ ಬಂದು ಆ ಲಾಡ್ಜ್‌ನ ರಿವ್ಯೂ ಎಲ್ಲ ಮತ್ತೆ ಓದಿದೆ. 'ಮಠಕ್ಕೆ ಹತ್ತಿರ, ಸ್ಟಾಫ್ ಚೆನ್ನಾಗಿದ್ದಾರೆ, ವೈಫೈ ಸ್ಲೋ.' ಹೊಸ್ತಿಲ ಬಗ್ಗೆ ಒಬ್ಬರೂ ಬರೆದಿಲ್ಲ. ಡಿಸೆಂಬರ್‌ನಲ್ಲಿ ಮತ್ತೆ ಹೋಗಬೇಕು, ಹರಕೆ ಉಳಿದಿದೆ. ಬುಕ್ ಮಾಡುವ ಮೊದಲು ನೀವು ಏನು ಕೇಳುತ್ತೀರಿ, ಯಾರನ್ನು ಕೇಳುತ್ತೀರಿ?

ರಥಬೀದಿ ಪಕ್ಕ (ಸೋಮವಾರ, ರಾತ್ರಿ 9.48)

ಅಕ್ಕ, ಮೊದಲು ಒಂದು ಮಾತು. ನಮ್ಮ ಕಡೆ 'ಹೋಟೆಲ್' ಅಂದರೆ ತಿಂಡಿ ತಿನ್ನುವ ಜಾಗ. ಮಲಗುವುದು ಲಾಡ್ಜ್‌ನಲ್ಲಿ. ಈಗ ಬೋರ್ಡುಗಳಲ್ಲಿ ಎಲ್ಲವೂ ಹೋಟೆಲ್ ಆಗಿದೆ, ಅದು ಬೇರೆ.

ಮಠದ ಸುತ್ತಮುತ್ತಲಿನ ಹಳೇ ಲಾಡ್ಜ್‌ಗಳನ್ನು ಕಟ್ಟುವಾಗ ಇದ್ದ ಲೆಕ್ಕವೇ ಬೇರೆ. ಯಾತ್ರಿಕರು ರಾತ್ರಿ ಬಸ್ಸಿಗೆ ಬಂದು ಸ್ನಾನ ಮಾಡಿ, ಕನಕನ ಕಿಂಡಿಯಲ್ಲಿ ದೇವರನ್ನು ನೋಡಿ, ಮಠದಲ್ಲಿ ಊಟ ಮಾಡಿ, ಸಂಜೆ ಧರ್ಮಸ್ಥಳದ ಕಡೆಯೋ ಕೊಲ್ಲೂರಿಗೋ ಹೊರಟರೆ ಮುಗಿಯಿತು. ರೂಮ್ ಅಂದರೆ ಚೀಲ ಇಡುವ ಜಾಗ. ಮೂರು ದಿನ ಇರುವವರು ಬಂದದ್ದು ಈಚೆಗೆ.

ಇನ್ನೊಂದು. 'ಮಠಕ್ಕೆ ನಡೆದು ಐದು ನಿಮಿಷ' ಅಂತ ಬರೆದದ್ದನ್ನು ನಂಬಬೇಡಿ. ಅದು ನನ್ನ ಕಾಲಿಗೆ ಐದು ನಿಮಿಷ. ಅಮ್ಮನಿಗೆ ಹದಿನೈದು. ಮಳೆಯಲ್ಲಿ ಇನ್ನೂ ಜಾಸ್ತಿ. ಕಾರಿದ್ದರೆ ಸ್ವಲ್ಪ ದೂರ ಬ್ರಹ್ಮಗಿರಿ, ಕುಂಜಿಬೆಟ್ಟು ಕಡೆ ಅಗಲವಾದ ಹೊಸ ಕಟ್ಟಡ ನೋಡಿ. ರಾಜಾಂಗಣದ ಪಾರ್ಕಿಂಗ್‌ವರೆಗೆ ಕಾರು ಬರುತ್ತದೆ, ಅಲ್ಲಿಂದ ನಡೆಯುವುದು ಕಡಿಮೆ. ಕಲ್ಸಂಕದ ಟ್ರಾಫಿಕ್‌ನಲ್ಲಿ ಮಾತ್ರ ತಾಳ್ಮೆ ಬೇಕು ಮಾರಾಯ್ರೆ.

ಖರ್ಚು ಕಡಿಮೆ (ಸೋಮವಾರ, ರಾತ್ರಿ 10.05)

1,800 ಕೊಟ್ಟು ಅರಮನೆ ಕೇಳಿದರೆ ಹೇಗೆ? 6,000 ಕೊಡಿ, ಎಲ್ಲ ಸಿಗುತ್ತದೆ. ಕೊಟ್ಟ ದುಡ್ಡಿಗೆ ತಕ್ಕ ಸೌಕರ್ಯ ಅಷ್ಟೇ.

ಮೂರನೇ ಮಹಡಿ (ಸೋಮವಾರ, ರಾತ್ರಿ 10.31)

ಖರ್ಚು ಕಡಿಮೆ ಅವರೇ, ನೆಲಕ್ಕೆ ವಾಟ ಕೊಡಲು 6,000 ಬೇಕಾ? ಮೇಸ್ತ್ರಿಗೆ ಸರಿಯಾಗಿ ಹೇಳಿದ್ದರೆ ಸಾಕಿತ್ತಲ್ಲ.

ನಾನು ಅಪ್ಪನ ಚಿಕಿತ್ಸೆಗೆ ಮಣಿಪಾಲದಲ್ಲಿ 23 ದಿನ ರೂಮ್ ಮಾಡಿಕೊಂಡು ಇದ್ದವನು. ದಿನಕ್ಕೆ 900 ರೂಪಾಯಿ. ಅಲ್ಲಿನ ಲಾಡ್ಜ್‌ಗಳಿಗೆ ಬರುವವರಲ್ಲಿ ಎಷ್ಟೋ ಮಂದಿ ಆಸ್ಪತ್ರೆಗೆ ಬಂದವರೇ. ಹಾವೇರಿ, ದಾವಣಗೆರೆ, ಕಾರವಾರ, ಎಲ್ಲೆಲ್ಲಿಂದಲೋ. ನನ್ನ ಪಕ್ಕದ ರೂಮಿನವರು ಕಾಸರಗೋಡಿನವರು. ಮಲಯಾಳಂನಲ್ಲಿ ಅವರು, ಕನ್ನಡದಲ್ಲಿ ನಾನು, ಇಬ್ಬರಿಗೂ ಅರ್ಥವಾಗುತ್ತಿತ್ತು.

ಆ 23 ದಿನದಲ್ಲಿ ಟಿವಿ ಒಂದು ಸಲವೂ ಹಾಕಲಿಲ್ಲ. ನನಗೆ ಬೇಕಾಗಿದ್ದದ್ದು ಬಟ್ಟೆ ಒಣಗಿಸಲು ಒಂದು ಹಗ್ಗ. ಅದು ಪಟ್ಟಿಯಲ್ಲಿ ಎಲ್ಲೂ ಇರುವುದಿಲ್ಲ. ಕಿಟಕಿಯಿಂದ ಬಾಗಿಲ ಚಿಲಕಕ್ಕೆ ನಾನೇ ಕಟ್ಟಿದೆ, ಫ್ಯಾನ್ ಹಾಕಿ ಬಿಟ್ಟೆ. ಜುಲೈನಲ್ಲಿ ಇಲ್ಲಿ ಒಂದು ಬನಿಯನ್ ಒಣಗಲು ಎರಡು ದಿನ ಬೇಕು. ಎರಡನೆಯದು, ರಾತ್ರಿ 11ಕ್ಕೆ ಆಸ್ಪತ್ರೆಯಿಂದ ಬಂದರೆ ಬಾಗಿಲು ತೆರೆಯುವ ಜನ. ಮೂರನೆಯದು ಗಂಜಿ. ಕೆಳಗಿನ ಹೋಟೆಲಿನವರು ಕುಚ್ಚಲಕ್ಕಿ ಗಂಜಿಯನ್ನು ಫ್ಲಾಸ್ಕಿಗೆ ತುಂಬಿ ಕೊಡುತ್ತಿದ್ದರು, ಜೊತೆಗೆ ಉಪ್ಪಿನಕಾಯಿ. ಅಪ್ಪ ಆ ಗಂಜಿ ಕುಡಿದೇ ಎದ್ದು ಕೂತರು ಅಂತ ಅಮ್ಮ ಇವತ್ತಿಗೂ ಹೇಳುತ್ತಾರೆ. ಡಾಕ್ಟರ ಹೆಸರು ನೆನಪಿಲ್ಲ ಅವರಿಗೆ.

ಅಂದ ಹಾಗೆ, ನವೆಂಬರ್‌ನ ಕಾನ್ವೊಕೇಶನ್ ದಿನಗಳಲ್ಲಿ ಮಣಿಪಾಲದಲ್ಲಿ ರೂಮ್ ಹುಡುಕಬೇಡಿ. ಸಿಕ್ಕರೂ ದರ ಕೇಳಿ ವಾಪಸ್ ಬರುತ್ತೀರಿ.

ಹಳೇ ಫ್ರಂಟ್ ಆಫೀಸ್ (ಸೋಮವಾರ, ರಾತ್ರಿ 11.20)

ಮಂಗಳೂರಲ್ಲಿ ಆರು ವರ್ಷ, ಉಡುಪಿಯಲ್ಲಿ ಐದು ವರ್ಷ ರಿಸೆಪ್ಶನ್‌ನಲ್ಲಿ ಕೂತವನು ನಾನು. ಈಗ ಬಿಟ್ಟಿದ್ದೇನೆ, ಹಾಗಾಗಿ ಬಾಯಿ ಬಿಡುತ್ತೇನೆ.

ಮೇಡಂ ಕೇಳಿದ ಹಿಡಿ ಇಲ್ಲದ ವಿಷಯ. ನಮ್ಮ ಧಣಿಗಳಿಗೆ ಒಮ್ಮೆ ನಾನೇ ಹೇಳಿದ್ದೆ, ನೆಲಮಹಡಿಯ ಎರಡು ರೂಮಿನ ಬಾತ್‌ರೂಮಿಗೆ ಸ್ಟೀಲ್ ಹಿಡಿ ಹಾಕಿಸುವ ಅಂತ. 'ಆಸ್ಪತ್ರೆ ಹಾಗೆ ಕಾಣುತ್ತದೆ' ಅಂದರು. ಅಲ್ಲಿಗೆ ಮುಗಿಯಿತು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಟಾರ್ ವರ್ಗೀಕರಣ ಬೇಕಿದ್ದರೆ ಅಂಗವಿಕಲರಿಗೆ ಹೊಂದುವ ರೂಮ್ ಇರಲೇಬೇಕು. ಆದರೆ ಸಣ್ಣ ಲಾಡ್ಜ್‌ನವರು ಆ ಸರ್ಟಿಫಿಕೇಟ್‌ಗೆ ಹೋಗುವುದೇ ಇಲ್ಲ. ಆ್ಯಪ್‌ನಲ್ಲಿ ನೀವು ನೋಡುವ ನಕ್ಷತ್ರ ಬೇರೆ, ಅದು ಗಿರಾಕಿಗಳು ಒತ್ತಿದ್ದು.

'24 ಗಂಟೆ ಬಿಸಿನೀರು' ಅಂದಾಗ ಒಂದೇ ಪ್ರಶ್ನೆ ಕೇಳಿ: ಸೋಲಾರಾ, ರೂಮಿನೊಳಗೆ ಗೀಸರಾ? ತಾರಸಿಯ ಸೋಲಾರ್ ಆದರೆ ಫೆಬ್ರವರಿಯಲ್ಲಿ ಕೈ ಸುಡುತ್ತದೆ, ಜುಲೈನಲ್ಲಿ ನೀವು ಕೇಳಬೇಡಿ, ನಾನು ಹೇಳುವುದಿಲ್ಲ. ಮೇಲಿನಿಂದ ಪೈಪಿನಲ್ಲಿ ಬಿಸಿನೀರು ಇಳಿದು ಬರುವಷ್ಟರಲ್ಲಿ ಎರಡು ಬಕೆಟ್ ತಣ್ಣೀರು ಹೋಗಿರುತ್ತದೆ. ಗಿರಾಕಿ ಫೋನ್ ಮಾಡಿದರೆ 'ಸ್ವಲ್ಪ ಬಿಡಿ ಸರ್, ಬರುತ್ತದೆ' ಅನ್ನುವುದು ನಮ್ಮ ದಿನದ ಮಂತ್ರ.

ಟವೆಲ್ ಮತ್ತು ಬೆಡ್‌ಶೀಟ್. ಲೆಕ್ಕ ಪ್ರಕಾರ ಒಂದು ರೂಮಿಗೆ ಮೂರು ಸೆಟ್ ಇರಬೇಕು. ಒಂದು ಮಂಚದಲ್ಲಿ, ಒಂದು ಲಾಂಡ್ರಿಯಲ್ಲಿ, ಒಂದು ಕಪಾಟಿನಲ್ಲಿ. ಮಳೆಗಾಲದಲ್ಲಿ ಲಾಂಡ್ರಿಗೆ ಹೋದದ್ದು ಒಣಗಿ ವಾಪಸ್ ಬರುವುದಿಲ್ಲ. ಕಪಾಟು ಖಾಲಿ. ಆಗ ನಿಮಗೆ ಸಿಗುವ ಟವೆಲ್ ಒಗೆದದ್ದೇ, ಆದರೆ ಹಸಿ. ವಾಸನೆ ಬರುವುದು ಅದಕ್ಕೇ, ಕೊಳಕು ಇದೆ ಅಂತ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನೂ ಮನೆಯಿಂದ ಬೈರಾಸು ತೆಗೆದುಕೊಂಡೇ ಹೋಗುತ್ತೇನೆ.

ಇದನ್ನು ಯಾರೂ ಹೇಳಿಕೊಡುವುದಿಲ್ಲ: ಮಳೆಗಾಲದಲ್ಲಿ ಪಡುವಣ ಗೋಡೆಯ ರೂಮ್ ಬೇಡ ಅನ್ನಿ. ಗಾಳಿ ಮಳೆ ಬಡಿಯುವುದು ಸಮುದ್ರದ ಕಡೆಯಿಂದ. ಆ ಗೋಡೆ ನಾಲ್ಕು ತಿಂಗಳು ನೀರು ಕುಡಿದು ಒಳಗೆ ಬೂಷ್ಟು ಹಿಡಿಯುತ್ತದೆ. ಎಷ್ಟು ಪೈಂಟ್ ಹೊಡೆದರೂ ಅಷ್ಟೇ. ಮೂಡು ಕಡೆಯದ್ದು ಕೇಳಿ. ಏಪ್ರಿಲ್‌ನಲ್ಲಿ ಹೋದರೆ ಕೊನೇ ಮಹಡಿ ಬೇಡ, ತಾರಸಿಯ ಬಿಸಿ ರಾತ್ರಿ ಎರಡು ಗಂಟೆಗೂ ಇಳಿದಿರುವುದಿಲ್ಲ. ಎಸಿ ಇದ್ದರೆ ಮಳೆಗಾಲದಲ್ಲಿ ರಿಮೋಟಿನ ಡ್ರೈ ಮೋಡ್ ಒತ್ತಿ. ಹೆಚ್ಚು ತಣಿಸದೆ ಗಾಳಿಯ ತೇವ ಎಳೆಯುತ್ತದೆ. ಅರ್ಧ ವಾಸನೆ ಹೋಗುತ್ತದೆ.

ಫೋನ್ ಮಾಡುವುದಾದರೆ ಮಧ್ಯಾಹ್ನ 3ರ ನಂತರ ಮಾಡಿ. ಬೆಳಿಗ್ಗೆ 10ರಿಂದ 12ರವರೆಗೆ ಚೆಕ್‌ಔಟ್ ಗಡಿಬಿಡಿ, ಆಗ ಏನು ಕೇಳಿದರೂ 'ಉಂಟು ಉಂಟು' ಅಂತಲೇ ಉತ್ತರ. ಮತ್ತು ನೇರ ಮಾತಾಡಿ. ಆ್ಯಪ್‌ಗೆ ಕಮಿಷನ್ ಹೋಗುವುದು ಉಳಿದರೆ ದರದಲ್ಲಿ ಸ್ವಲ್ಪ ಬಿಡುತ್ತಾರೆ, ಅದಕ್ಕಿಂತ ಮುಖ್ಯವಾಗಿ ಇಂಥದ್ದೇ ರೂಮ್ ಅಂತ ಹೆಸರು ಬರೆದು ಇಡುತ್ತಾರೆ. ಆ್ಯಪ್‌ನಲ್ಲಿ ಬಂದವರಿಗೆ ಯಾವುದು ಖಾಲಿಯೋ ಅದು. ತಪ್ಪು ಅಂತ ಗೊತ್ತುಂಟು. ನಾವು ಮಾಡುತ್ತಿದ್ದದ್ದು ಹಾಗೆಯೇ.

ಬನ್ಸ್ ಪ್ರೇಮಿ (ಮಂಗಳವಾರ, ಬೆಳಿಗ್ಗೆ 7.15)

ವಿಷಯ ಬಿಟ್ಟು ಒಂದು ಮಾತು, ಕ್ಷಮಿಸಿ. 'ತಿಂಡಿ ಸೇರಿ' ಅಂತ 300 ರೂಪಾಯಿ ಜಾಸ್ತಿ ಕೊಟ್ಟು ಉಡುಪಿಯಲ್ಲಿ ತಣ್ಣಗಾದ ಬ್ರೆಡ್ಡು, ಕಾರ್ನ್‌ಫ್ಲೇಕ್ಸ್ ತಿನ್ನುವವರನ್ನು ನೋಡಿದರೆ ನನಗೆ ದುಃಖವಾಗುತ್ತದೆ. ಕೆಳಗಿಳಿದು ನಾಲ್ಕು ಹೆಜ್ಜೆ ಹಾಕಿದರೆ ಬನ್ಸು, ಗೋಳಿಬಜೆ, ಮೂಡೆ. ಇಡೀ ದೇಶಕ್ಕೆ ತಿಂಡಿ ಹೋಟೆಲ್ ಕೊಟ್ಟ ಊರದು. ತಿಂಡಿ ಸೇರದ ರೂಮನ್ನೇ ಮಾಡಿ.

ರಥಬೀದಿ ಪಕ್ಕ (ಮಂಗಳವಾರ, ಬೆಳಿಗ್ಗೆ 7.40)

ಇದಕ್ಕೆ ನೂರು ಲೈಕ್. ಆದರೆ ಅಕ್ಕನ ಅಮ್ಮ ಕೆಳಗಿಳಿಯಲು ಆ ಐದು ಮೆಟ್ಟಿಲು ಉಂಟಲ್ಲ. ಪಾರ್ಸೆಲ್ ತರಿಸುವುದೇ ಒಳ್ಳೆಯದು. ಬನ್ಸ್ ತಣ್ಣಗಾದರೂ ರುಚಿಯೇ.

ಕುಡ್ಲ ಎಕ್ಸ್‌ಪ್ರೆಸ್ (ಮಂಗಳವಾರ, ಬೆಳಿಗ್ಗೆ 11.02)

'6,000 ಕೊಡಿ, ಎಲ್ಲ ಸಿಗುತ್ತದೆ' ಅಂದವರಿಗೆ ನನ್ನ ಅನುಭವ. ಮಂಗಳೂರಿನಲ್ಲಿ, ಹೆಸರು ಬೇಡ, ಒಂದು ದೊಡ್ಡ ಹೋಟೆಲಿನಲ್ಲಿ ಎರಡು ರಾತ್ರಿ ಇದ್ದೆವು. ಮೇ ತಿಂಗಳು. ಮಕ್ಕಳು ಈಜುಕೊಳಕ್ಕಾಗಿಯೇ ಕುಣಿಯುತ್ತಿದ್ದರು. ಹೋದರೆ ಕೊಳ ಖಾಲಿ, ನಿರ್ವಹಣೆ ಅಂತ ಬೋರ್ಡು. ಆಮೇಲೆ ಅಲ್ಲಿನ ಹುಡುಗನೇ ಗುಟ್ಟಿನಲ್ಲಿ ಹೇಳಿದ, ನೀರಿಲ್ಲ, ಟ್ಯಾಂಕರ್ ತರಿಸುತ್ತಿದ್ದೇವೆ ಅಂತ. ಮಂಗಳೂರಿಗೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ. ಮುಂಗಾರು ತಡವಾದ ವರ್ಷ ಎರಡೂ ಕಡೆ ಪಾಳಿ ಪ್ರಕಾರ ನೀರು ಬಿಡುತ್ತಾರೆ. ಮಳೆಯ ಊರಲ್ಲಿ ನೀರಿಲ್ಲ ಅಂದರೆ ಘಟ್ಟದ ಮೇಲಿನವರು ನಗುತ್ತಾರೆ. ಆದರೆ ನಿಜ. ಏಪ್ರಿಲ್, ಮೇನಲ್ಲಿ ಬರುವವರು ಮೊದಲು ಕೇಳಬೇಕಾದ್ದು 'ಸ್ವಂತ ಬಾವಿ ಉಂಟಾ?'

ಅಲ್ಲಿಯೇ ಊಟದ ಬಿಲ್ಲಿಗೆ ಶೇಕಡಾ 10 ಸರ್ವಿಸ್ ಚಾರ್ಜ್ ಸೇರಿಸಿದ್ದರು. ಹಾಗೆ ತಾನಾಗಿ ಸೇರಿಸುವಂತಿಲ್ಲ ಅಂತ 2022ರ ಜುಲೈನಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಮೆಲ್ಲಗೆ ಹೇಳಿದೆ. ತಕ್ಷಣ ಬೇರೆ ಬಿಲ್ ಬಂತು. ಮೊದಲೇ ಅಚ್ಚಾಗಿ ಇಟ್ಟಿದ್ದರೋ ಏನೋ! ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಹಾಸಿಗೆ ಮಾತ್ರ ಸ್ವರ್ಗ, ಸುಳ್ಳು ಹೇಳಬಾರದು.

ಖರ್ಚು ಕಡಿಮೆ (ಮಂಗಳವಾರ, ಬೆಳಿಗ್ಗೆ 11.30)

ಸರಿ, ಸೋತೆ. ಬಿಲ್ ವಿಷಯ ಬಂದದ್ದಕ್ಕೆ ಒಂದು ಮಾತು ಹೇಳಿ ಪಾಪ ಕಳೆದುಕೊಳ್ಳುತ್ತೇನೆ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇಕಡಾ 5. ಮೊದಲು 12 ಇತ್ತು. 1,800ರ ರೂಮಿಗೆ 216 ಇದ್ದದ್ದು ಈಗ 90. ಹಳೇ ಲೆಕ್ಕದಲ್ಲೇ ಬಿಲ್ ಕೊಟ್ಟರೆ ಕೇಳಿ.

ಒಂಟಿ ಬ್ಯಾಗ್ (ಮಂಗಳವಾರ, ಸಂಜೆ 6.20)

ನಾನು ಕೆಲಸದ ಮೇಲೆ ತಿಂಗಳಿಗೊಮ್ಮೆ ಬೆಂಗಳೂರಿನಿಂದ ಉಡುಪಿಗೆ ಬರುವವಳು. ಒಬ್ಬಳೇ. ನನ್ನ ಪಟ್ಟಿ ಚಿಕ್ಕದು.

ಬಾಗಿಲಿಗೆ ಒಳಗಿನಿಂದ ಗಟ್ಟಿ ಚಿಲಕ ಇರಬೇಕು. ಒಂದು ಕಡೆ ಚಿಲಕದ ಕೊಂಡಿಯೇ ಇರಲಿಲ್ಲ, ಕುರ್ಚಿ ಅಡ್ಡ ಇಟ್ಟು ಮಲಗಿದೆ. ಈಗ ಚಿಲಕ, ಕಿಟಕಿ, ಬಾತ್‌ರೂಮಿನ ಗಾಳಿಕಿಂಡಿ ನೋಡಿಯೇ ಸಹಿ ಹಾಕುವುದು. ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡುತ್ತೇನೆ. ಒಬ್ಬರು 'ಇದು ಆಗುವುದಿಲ್ಲ' ಅಂದರು, ಡ್ರೈವಿಂಗ್ ಲೈಸೆನ್ಸ್ ಕೊಟ್ಟೆ, ಆಯಿತು. 'ಒಬ್ಬರೇನಾ?' ಅಂತ ಮೂರು ಸಲ ಕೇಳುವ ರಿಸೆಪ್ಶನ್ ಇದ್ದರೆ ಅಲ್ಲಿಗೆ ಮತ್ತೆ ಹೋಗುವುದಿಲ್ಲ.

ಮತ್ತೆ ಸಮಯದ ವಿಷಯ. ಪಂಚಗಂಗಾ ರೈಲು ನಸುಕಿನಲ್ಲೇ ಇಂದ್ರಾಳಿಯಲ್ಲಿ, ಅಂದರೆ ಉಡುಪಿ ಸ್ಟೇಷನ್‌ನಲ್ಲಿ, ಇಳಿಸುತ್ತದೆ. ಮಧ್ಯಾಹ್ನ 12ರ ಚೆಕ್‌ಔಟ್ ಇರುವ ಕಡೆ ಆ ಹೊತ್ತಿಗೆ ಹೋದರೆ ಅರ್ಧ ದಿನಕ್ಕೂ ಪೂರ್ತಿ ಬಾಡಿಗೆ. ಕೆಲವು ಹಳೇ ಲಾಡ್ಜ್‌ಗಳಲ್ಲಿ ಇನ್ನೂ 24 ಗಂಟೆ ಲೆಕ್ಕ ಇದೆ. ಬೆಳಿಗ್ಗೆ 5ಕ್ಕೆ ಹೋದರೆ ಮರುದಿನ ಬೆಳಿಗ್ಗೆ 5ರವರೆಗೆ. ನನ್ನಂಥವರಿಗೆ ಈಜುಕೊಳಕ್ಕಿಂತ ದೊಡ್ಡ ಸೌಕರ್ಯ ಅದು.

ಹಳೇ ಫ್ರಂಟ್ ಆಫೀಸ್ (ಮಂಗಳವಾರ, ರಾತ್ರಿ 8.05)

ಒಂಟಿ ಬ್ಯಾಗ್ ಮೇಡಂ, ಚಿಲಕದ ವಿಷಯ ಸರಿ ಹೇಳಿದಿರಿ. ಆ ಕೊಂಡಿ ಹೋದದ್ದು ಹೌಸ್‌ಕೀಪಿಂಗ್ ಹುಡುಗರಿಗೆ ಗೊತ್ತೇ ಇರುತ್ತದೆ. ಆದರೆ ಒಬ್ಬನಿಗೆ ದಿನಕ್ಕೆ 14 ರೂಮ್ ಕೊಟ್ಟರೆ ಅವನು ಚಾದರ ಬದಲಿಸುತ್ತಾನಾ, ಕೊಂಡಿಯ ದೂರು ಬರೆಯುತ್ತಾನಾ? ಅವರ ಮೇಲೆ ಸಿಟ್ಟಾಗಬೇಡಿ. ಬರೆದು ಕೌಂಟರಿಗೆ ಕೊಡಿ.

ಲಿಫ್ಟ್ ಬಗ್ಗೆ ಹೇಳಲು ಮರೆತೆ. ಕರೆಂಟ್ ಹೋದರೆ ಲಿಫ್ಟ್ ಏನಾಗುತ್ತದೆ ಅಂತ ಕೇಳಿ. ನಮ್ಮಲ್ಲಿ ಗಾಳಿಮಳೆಗೆ ಕರೆಂಟ್ ಹೋಗುವುದು ಹೊಸತಲ್ಲ. ಬ್ಯಾಟರಿಯಲ್ಲಿ ಹತ್ತಿರದ ಮಹಡಿಗೆ ಹೋಗಿ ಬಾಗಿಲು ತೆರೆಯುವ ಸಾಧನ ಬರುತ್ತದೆ. ಅದಿಲ್ಲದ ಹಳೇ ಲಿಫ್ಟ್ ಆದರೆ ಜನರೇಟರ್ ಹಾಕುವವರೆಗೆ ಒಳಗೇ. ಅಮ್ಮನನ್ನು ಒಬ್ಬರನ್ನೇ ಕಳಿಸಬೇಡಿ.

ಜನವರಿಯಲ್ಲಿ ಬರುವವರೂ ನೋಡಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಹಬ್ಬ. ಹಿಂದಿನ ರಾತ್ರಿ ಜೋಡುಕಟ್ಟೆಯಿಂದ ಮೆರವಣಿಗೆ, ಊರಿಗೆ ಊರೇ ಎಚ್ಚರ. ಆಗ ರೂಮ್ ಸಿಕ್ಕರೆ ಬಾತ್‌ರೂಮ್ ನೋಡಲು ಹೋಗಬೇಡಿ, ಹಿಡಿದುಕೊಳ್ಳಿ.

ಘಟ್ಟದ ಮೇಲಿನವಳು (ಶನಿವಾರ, ಸಂಜೆ 5.30)

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮಧ್ಯಾಹ್ನ 3ರ ನಂತರವೇ ಕೂತು ನಾಲ್ಕು ಕಡೆ ಫೋನ್ ಮಾಡಿದೆ.

ಮೊದಲನೆಯವರು ಹೊಸ್ತಿಲ ಎತ್ತರ ಕೇಳಿದ್ದಕ್ಕೆ ನಕ್ಕರು. ಎರಡನೆಯವರು 'ಎಲ್ಲ ಮಾಡರ್ನ್ ಮೇಡಂ' ಅಂದರು. ಏನು ಮಾಡರ್ನ್ ಅಂತ ಕೇಳಿದರೆ ಎಲ್‌ಇಡಿ ಟಿವಿ ಅಂತೆ. ಮೂರನೆಯವರು ಪಾಪ, ನಮ್ಮಲ್ಲಿ ಲಿಫ್ಟ್ ಇಲ್ಲ, ನಿಮಗೆ ಕಷ್ಟ ಆಗುತ್ತದೆ ಅಂತ ಅವರೇ ಹೇಳಿ ಇನ್ನೊಂದು ಲಾಡ್ಜ್‌ನ ನಂಬರ್ ಕೊಟ್ಟರು. ಹೀಗೂ ಜನ ಇದ್ದಾರೆ.

ಆ ನಾಲ್ಕನೆಯ ಕಡೆ ಫೋನ್ ಎತ್ತಿದವರಿಗೆ ಅರವತ್ತರ ಮೇಲೆ ಇರಬೇಕು, ದನಿ ಹಾಗಿತ್ತು. 'ಒಂದು ನಿಮಿಷ ತಡೆಯಿರಿ' ಅಂತ ಇಟ್ಟರು. ಹತ್ತು ನಿಮಿಷದ ನಂತರ ವಿಡಿಯೋ ಬಂತು. ರಸ್ತೆಯಿಂದ ಶುರುಮಾಡಿ ಒಳಗೆ ಬಂದಿದ್ದಾರೆ. ಮೆಟ್ಟಿಲಿಲ್ಲ, ಇಳಿಜಾರು ಇದೆ. ನೆಲಮಹಡಿಯ ರೂಮ್. ಬಾತ್‌ರೂಮ್ ಹೊಸ್ತಿಲ ಪಕ್ಕ ತಮ್ಮ ಚಪ್ಪಲಿ ಕಾಲು ಇಟ್ಟು ತೋರಿಸಿದ್ದಾರೆ, ಪಾದದ ಗಂಟಿಗಿಂತ ಕೆಳಗೆ. ಒಂದು ಮಗ್ ನೀರು ನೆಲಕ್ಕೆ ಚೆಲ್ಲಿ ಎಲ್ಲಿ ಹೋಗುತ್ತದೆ ಅಂತಲೂ ತೋರಿಸಿದರು! ನಾನು ಅದನ್ನು ಕೇಳಿರಲೇ ಇಲ್ಲ.

ಹಿಡಿ ಮಾತ್ರ ಇಲ್ಲ. ಡಿಸೆಂಬರ್‌ನೊಳಗೆ ಒಂದು ಹಾಕಿಸುತ್ತೇನೆ ಅಂದರು. ನೋಡೋಣ.

ಮೂರನೇ ಮಹಡಿ (ಶನಿವಾರ, ಸಂಜೆ 5.52)

ಬಾಡಿಗೆ ಎಷ್ಟಂತೆ? ಎಸಿ ಉಂಟಾ?

ಘಟ್ಟದ ಮೇಲಿನವಳು (ಶನಿವಾರ, ಸಂಜೆ 6.01)

1,400. ಎಸಿ ಇಲ್ಲ, ಟಿವಿಯೂ ಇಲ್ಲ. ಅಮ್ಮ ವಿಡಿಯೋ ಎರಡು ಸಲ ನೋಡಿ 'ಮಂಚ ಎತ್ತರ ಇದೆ' ಅಂದರು.

ಹಳೇ ಫ್ರಂಟ್ ಆಫೀಸ್ (ಶನಿವಾರ, ಸಂಜೆ 6.20)

ಸ್ನಾನಕ್ಕೆ ಕುರ್ಚಿ ಹೇಳಿದಿರಾ?

ಘಟ್ಟದ ಮೇಲಿನವಳು (ಶನಿವಾರ, ಸಂಜೆ 6.24)

ಅಯ್ಯೋ, ಮರೆತೆ. ಈಗಲೇ ಫೋನ್ ಮಾಡುತ್ತೇನೆ.